ನಿಮಗಿದು ಗೊತ್ತೆ? ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ!

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರ ಹೊತ್ತು ನಿಂತಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಹಿಮಾಲಯ ಏಳತೊಡಗಿ ಇನ್ನೂ 5 ಕೋಟಿ ವರ್ಷ ಆಗಿದೆಯಷ್ಟೆ! 1916ರಲ್ಲಿ ಈ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್.

ಈ ಬಂಡೆ ಹುಟ್ಟಿದಾಗ ಭೂಮಿಯ ಒಡಲು ಈಗಿನದಕ್ಕಿಂತ ಬಿಸಿಯಾಗಿತ್ತು. ನೀರುಂಡ ಬಸಾಲ್ಟ್ ಶಿಲೆ ಆಳಕ್ಕೆ ಸೇರಿ ಅರೆಬರೆ ಕರಗಿತು. ಸಿಲಿಕಾ ಹೆಚ್ಚಿದ್ದ ಹಗುರವಾದ ಶಿಲಾಪಾಕ ಮೇಲೇರಿ ಗಟ್ಟಿಯಾಗಿ ಖಂಡದ ತಳಪಾಯವಾಯಿತು. ಬಸಾಲ್ಟ್ ಆಳಕ್ಕಿಳಿದದ್ದು ಭೂಫಲಕಗಳು ಒಂದರಡಿ ಒಂದು ನುಗ್ಗಿದ್ದರಿಂದಲೋ, ತನ್ನ ಭಾರಕ್ಕೆ ತಾನೇ ಕುಸಿದೋ? ಪಂಡಿತರ ಜಗಳ ಇನ್ನೂ ಮುಗಿದಿಲ್ಲ.

ಮುಂದಿನದು ಕಲ್ಲಿನ ಮೇಲೇ ಕಾಣುತ್ತದೆ. ವಾಕಿಂಗ್ ಹೋದಾಗ ಒಮ್ಮೆ ಬಗ್ಗಿ ನೋಡಿ: ಬಿಳಿ ಪಟ್ಟೆ, ಕಪ್ಪು ಪಟ್ಟೆ. ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್. ಕಪ್ಪಿನಲ್ಲಿ ಮಿನುಗುವುದು ಕಾಗೆಬಂಗಾರ. ನೆಲದಾಳದ ಶಾಖ, ಒತ್ತಡಕ್ಕೆ ಘನಶಿಲೆಯೇ ಕಣಕದಂತೆ ನಾದಿಸಿಕೊಂಡು, ಖನಿಜಗಳು ಬೇರ್ಪಟ್ಟು ಪಟ್ಟೆಗಳಾದವು; ಇಂಥ ಪಟ್ಟೆಯ ಶಿಲೆಯೇ ನೈಸ್. ಕೆಲವೆಡೆ ಅವು ಸುರುಳಿಯಾಗಿ ಮಡಿಚಿಕೊಂಡಿವೆ. ಪಟ್ಟೆಗಳನ್ನು ಅಡ್ಡ ಸೀಳಿದ ತಿಳಿಬಣ್ಣದ ಎಳೆ ಕಂಡರೆ, ಅದು ಆಮೇಲೆ ಬಿರುಕಿಗೆ ನುಗ್ಗಿದ ಶಿಲಾಪಾಕ.

ಹಾಸನ ಜಿಲ್ಲೆಯ ಗೊರೂರಿನ ನೈಸ್ ಇದಕ್ಕಿಂತಲೂ ಹಳೆಯದು, 330 ಕೋಟಿ ವರ್ಷ ಮೀರಿದ್ದು. ‘ಶೋಲೆ’ ಚಿತ್ರದ ಗಬ್ಬರ್ ಸಿಂಗ್ ಅಬ್ಬರಿಸಿದ ರಾಮನಗರದ ಬಂಡೆಗಳು ಮಾತ್ರ ಕಿರಿಯವು. ಈ ಹಳೆಯ ನೆಲವನ್ನು ಭೇದಿಸಿ ಮೇಲೆದ್ದ ಆ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಶಿಲೆಗೆ ಬರೀ 250 ಕೋಟಿ ವರ್ಷ.