ಕ್ಷಯರೋಗಾಣುವಿನ ವಂಶಲಿಪಿ

ಕ್ಷಯವು ಮನೆತನದ ರೋಗವೆಂಬ ನಂಬಿಕೆಯು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ಬೇರೂರಿರುತ್ತದೆ. ತಾಯಿಗೆ ಬಂದುದು ಮಗಳಿಗೂ ಬಂದಿತೆಂದರೆ ಅದು ಆ ವಂಶದಲ್ಲಿಯೇ ಇದೆಯೆಂದು ಜನರು ಆಡಿಕೊಳ್ಳುವರು. ಈ ಮಾತಿಗೆ ಅಂಜಿ, ವಿವಾಹಕ್ಕೆ ಅಡ್ಡಿಯಾದೀತೆಂದು ಹೆಣ್ಣುಮಗಳ ಕೆಮ್ಮನ್ನು ಮುಚ್ಚಿಡುವ ಗೃಹಸ್ಥರು ವಿದ್ಯಾವಂತರಲ್ಲಿಯೂ ಉಂಟು. ಆದರೆ ಈ ರೋಗವು ಒಂದು ಸೂಕ್ಷ್ಮಜೀವಿಯಿಂದ ಹುಟ್ಟುವುದೆಂದು ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯರು 1882ನೆಯ ಇಸವಿ ಮಾರ್ಚ್ 24ರಂದೇ ಬರ್ಲಿನ್ ನಗರದ ವಿದ್ವಾಂಸರ ಮುಂದೆ ಪ್ರಕಟಿಸಿದರು. ತಾಯಿಯಿಂದ ಮಗಳಿಗೆ ಅದು ದಾಟುವುದು ರಕ್ತಸಂಬಂಧದಿಂದಲ್ಲ. ಗಾಳಿಯಾಡದ ಒಂದೇ ಕೋಣೆಯಲ್ಲಿ ಇಬ್ಬರೂ ಉಸಿರಾಡುವುದರಿಂದ. ಈ ರೋಗದ ವಿಷಯದಲ್ಲಿ ವಂಶವಿಚಾರವು ಅವಶ್ಯವೇ ಸರಿ. ಆದರೆ ವಿಚಾರಿಸಬೇಕಾದುದು ರೋಗಿಯ ವಂಶವನ್ನಲ್ಲ, ರೋಗಾಣುವಿನ ವಂಶವನ್ನು.

ಸಕಲ ಪ್ರಾಣಿಗಳಂತೆ ಈ ರೋಗಾಣುವೂ ತನ್ನ ಗುಣಗಳನ್ನು ಡಿ.ಎನ್.ಎ. ಎಂಬ ಅತಿ ಸಣ್ಣ ದಾರದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆ ಬರವಣಿಗೆಗೆ ನಾಲ್ಕೇ ಅಕ್ಷರಗಳು. 1905ರಲ್ಲಿ ಅಮೆರಿಕದ ರೋಗಿಯೊಬ್ಬನಿಂದ ತೆಗೆದು ಪ್ರಯೋಗಶಾಲೆಗಳಲ್ಲಿ ಬೆಳೆಸುತ್ತ ಬಂದ ಒಂದು ತಳಿಯ ವಂಶಲಿಪಿಯನ್ನು ಇಂಗ್ಲೆಂಡು ಮತ್ತು ಫ್ರಾನ್ಸ್ ದೇಶಗಳ ವಿಜ್ಞಾನಿಗಳು ಮೊದಲಿನಿಂದ ಕೊನೆಯವರೆಗೆ ಓದಿ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು 44 ಲಕ್ಷ ಅಕ್ಷರಗಳೂ 4,000ದಷ್ಟು ವಂಶವಾಹಿಗಳೂ ಕಂಡುಬಂದವು.

ರೋಗಾಣುವು ಒಂದು ಎರಡಾಗುವಾಗಲೆಲ್ಲ ಈ ಲಿಪಿಯನ್ನು ಪೂರ್ತಿಯಾಗಿ ನಕಲು ಮಾಡಬೇಕು. ನಮ್ಮ ಶಾಲೆಯಲ್ಲಿ ಉಕ್ತಲೇಖನ ಬರೆದವರಿಗೆಲ್ಲ ಇದರ ಕಷ್ಟ ತಿಳಿದಿರಬೇಕು. ‘ಹಾಲು’ ಎಂದು ಬರೆಯುವಲ್ಲಿ ‘ಹಾಳು’ ಎಂದು ಬರೆದರೆ ಕೆಟ್ಟುದು ಒಂದೇ ಅಕ್ಷರ, ಆದರೆ ಅರ್ಥವೆಲ್ಲವೂ ಬೇರೆ. ರೋಗಾಣುವಿನ ನಕಲಿನಲ್ಲಿಯೂ ಹೀಗೆ ಅಪರೂಪವಾಗಿ ತಪ್ಪು ನುಸುಳುತ್ತದೆ. ಅನೇಕ ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ಅದಕ್ಕೇ ಮಾರಕವಾಗುತ್ತವೆ. ಎಲ್ಲಿಯೋ ಒಂದು ತಪ್ಪು ಮಾತ್ರ, ಮದ್ದು ತಗಲಬೇಕಾದ ಜಾಗದ ಆಕಾರವನ್ನೇ ಬದಲಿಸಿ, ಮದ್ದು ಅಲ್ಲಿ ಹಿಡಿಯದಂತೆ ಮಾಡುತ್ತದೆ. ಮದ್ದು ಈ ತಪ್ಪನ್ನು ಹುಟ್ಟಿಸುವುದಿಲ್ಲ; ಮೊದಲೇ ಹುಟ್ಟಿದ್ದುದನ್ನು ಆರಿಸಿ ಉಳಿಸುತ್ತದೆ.

ಮೊದಲು ಕ್ಷಯಕ್ಕೆ ಮದ್ದೇ ಇರಲಿಲ್ಲ. ಅನೇಕ ಮಿಷನ್ನುಗಳು ಒಂದುಗೂಡಿ ಮದನಪಲ್ಲಿಯ ಬಳಿ ಆರೋಗ್ಯವರದಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದಾಗ ಅಲ್ಲಿನ ಮುಖ್ಯ ಚಿಕಿತ್ಸೆಯು ವಿಶ್ರಾಂತಿ, ಶುದ್ಧವಾಯು, ಪುಷ್ಟಿಕರವಾದ ಆಹಾರ ಇಷ್ಟೇ ಆಗಿದ್ದಿತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತಾಗ ಲೋಕವೆಲ್ಲ ಹರ್ಷಿಸಿತು. ಬ್ರಿಟನ್ನಿನಲ್ಲಿ ಅದನ್ನು ಕ್ರಮವಾಗಿ ಪರೀಕ್ಷಿಸಿದಾಗ ಆರು ತಿಂಗಳಲ್ಲಿ ರೋಗಿಗಳು ಚೇತರಿಸಿಕೊಂಡರು. ಆದರೆ ಐದು ವರ್ಷಗಳ ತರುವಾಯ ನೋಡಲಾಗಿ, ಮದ್ದು ಪಡೆದವರಿಗೂ ಪಡೆಯದವರಿಗೂ ಇದ್ದ ಅಂತರವು ಬಹಳ ಕುಗ್ಗಿಹೋಗಿತ್ತು. ಮದ್ದಿಗೆ ಬಗ್ಗದ ರೋಗಾಣುಗಳು ಉಳಿದು, ಬೆಳೆದು, ಶ್ವಾಸಕೋಶವನ್ನು ಮತ್ತೆ ಆಕ್ರಮಿಸಿದ್ದುವು.

ಇದರ ಲೆಕ್ಕವನ್ನು ಸ್ವಲ್ಪ ನೋಡೋಣ. ಐಸೋನಿಯಾಜಿಡ್ ಎಂಬ ಮದ್ದಿಗೆ ಬಗ್ಗದ ರೋಗಾಣು ಸುಮಾರು ಹತ್ತು ಲಕ್ಷಕ್ಕೆ ಒಂದು. ರಿಫಾಂಪಿಸಿನ್ ಎಂಬುದಕ್ಕೆ ಬಗ್ಗದುದು ಹತ್ತು ಕೋಟಿಗೆ ಒಂದು. ಶ್ವಾಸಕೋಶದಲ್ಲಿ ಆದ ಒಂದು ಕುಳಿಯಲ್ಲಿ ಹತ್ತಾರು ಕೋಟಿ ರೋಗಾಣುಗಳಿರಬಹುದಾದುದರಿಂದ, ಒಂದೇ ಮದ್ದನ್ನು ಕೊಟ್ಟರೆ ತಪ್ಪಿಸಿಕೊಳ್ಳುವವು ಇದ್ದೇ ಇರುತ್ತವೆ. ಎರಡಕ್ಕೂ ಬಗ್ಗದುದಾದರೋ ಕೋಟಿಯ ಕೋಟಿಗೆ ಒಂದು. ಅಷ್ಟು ರೋಗಾಣುಗಳು ಯಾವ ಮನುಷ್ಯನ ದೇಹದಲ್ಲಿಯೂ ಇರಲಾರವು. ವೈದ್ಯರು ಮೊದಲ ಎರಡು ತಿಂಗಳು ನಾಲ್ಕು ಮದ್ದುಗಳನ್ನೂ ಅನಂತರ ನಾಲ್ಕು ತಿಂಗಳು ಮೂರು ಮದ್ದುಗಳನ್ನೂ ಒಟ್ಟಿಗೆ ಕೊಡುವುದಕ್ಕೆ ಇದೇ ಕಾರಣ. ಕೆಮ್ಮು ನಿಂತು ಮೈ ತುಂಬಿಕೊಂಡಾಗಲೂ ನಿಧಾನವಾಗಿ ಬದುಕುವ ಕೆಲವು ರೋಗಾಣುಗಳು ಒಳಗೆ ಅಡಗಿರುತ್ತವೆ. ಒಂದು ಗುಳಿಗೆ ಹೊಟ್ಟೆ ತೊಳಸುವುದೆಂದು ಅದನ್ನು ಬಿಟ್ಟು ಉಳಿದುದನ್ನು ನುಂಗುವವರೂ, ಒಂದು ತಿಂಗಳು ನುಂಗಿ ಒಂದು ತಿಂಗಳು ಬಿಡುವವರೂ ಈ ಲೆಕ್ಕವನ್ನೇ ಮುರಿಯುತ್ತಾರೆ. ಹೀಗೆ ಉಳಿದ ಮೊಂಡು ರೋಗಾಣುವು ಗಾಳಿಯಲ್ಲಿ ದಾಟಿ, ಒಂದು ಗುಳಿಗೆಯನ್ನೂ ಕಾಣದ ಮಗುವನ್ನು ಹಿಡಿದರೆ, ಮೊದಲ ದಿನದಿಂದಲೇ ಆ ಮಗುವಿಗೆ ಮುಖ್ಯವಾದ ಮದ್ದುಗಳು ನಿಷ್ಫಲ.

ಮದ್ದಿಲ್ಲದಿದ್ದರೆ ಏನಾಗುವುದೆಂಬುದನ್ನು ನಮ್ಮ ಜಿಲ್ಲೆಯ ಹಳ್ಳಿಗಳೇ ಲೋಕಕ್ಕೆ ತಿಳಿಸಿವೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ, ಇನ್ನೂ ಭಾಗವಾಗದಿದ್ದ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳನ್ನು ನಾಲ್ಕು ಬಾರಿ ಪರೀಕ್ಷಿಸಿದರು. ಕ್ರಮವಾದ ಚಿಕಿತ್ಸೆಯ ಯೋಜನೆಯು ಅಲ್ಲಿಗೆ ತಲುಪದಿದ್ದ ಕಾಲವದು. ಮೊದಲು ಕಂಡ 126 ರೋಗಿಗಳಲ್ಲಿ ಐದು ವರ್ಷದೊಳಗೆ ಹೆಚ್ಚು ಕಡಮೆ ಅರ್ಧದಷ್ಟು ಜನ ತೀರಿಕೊಂಡರು. ಮೂರರಲ್ಲೊಂದು ಪಾಲು ತಾವಾಗಿಯೇ ಗುಣಹೊಂದಿದರು. ಉಳಿದವರು ಕಫದಲ್ಲಿ ರೋಗಾಣುಗಳನ್ನು ಉಗುಳುತ್ತಲೇ ಇದ್ದರು.

ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಟಿ. ರಾಮಕೃಷ್ಣನ್ ಅವರು ಈ ರೋಗಾಣುವಿನ ಒಳಗುಟ್ಟನ್ನು ಶೋಧಿಸತೊಡಗಿದರು. ಆ ಪರಂಪರೆಯು ಮುಂದುವರಿಯಿತು. ಪ್ರೊಫೆಸರ್ ವಿ. ನಾಗರಾಜ ಅವರು ಅಭ್ಯಾಸಮಾಡಿದ ಗೈರೇಸ್ ಎಂಬ ಕಿಣ್ವದ ಕೆಲಸವು ದೊಡ್ಡಬಳ್ಳಾಪುರದ ನೇಕಾರರ ಮನೆಯವರಿಗೆ ಬೇಗನೆ ಅರ್ಥವಾದೀತು. ನಕಲಾಗುವಾಗ ಡಿ.ಎನ್.ಎ. ದಾರವು ಹುರಿಗೊಂಡು ಬಿಗಿಯುತ್ತದೆ. ಗೈರೇಸು ಎಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕತ್ತರಿಸಿದ ಎಳೆಯನ್ನು ಬೆಸೆಯಗೊಡದೆ ತಡೆಯುವ ಮದ್ದುಗಳನ್ನು ಮೊಂಡು ಕ್ಷಯಕ್ಕೆ ಉಪಯೋಗಿಸುತ್ತಾರೆ.

ಈ ರೋಗಾಣುವು ಒಂದು ಎರಡಾಗಲು ಸುಮಾರು ಇಪ್ಪತ್ತು ಗಂಟೆ ಬೇಕಾದುದರಿಂದ, ಅದನ್ನು ಬೆಳೆಸಿ ಯಾವ ಮದ್ದಿಗೆ ಬಗ್ಗುವುದೆಂದು ತಿಳಿಯಲು ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ರಿಫಾಂಪಿಸಿನ್ನಿಗೆ ಬಗ್ಗದ ರೋಗಾಣುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳ ತಪ್ಪು, 44 ಲಕ್ಷ ಅಕ್ಷರಗಳ ನಡುವೆ ಕೇವಲ 81 ಅಕ್ಷರಗಳ ಒಂದು ತುಣುಕಿನಲ್ಲಿರುವುದೆಂದು ಗೊತ್ತಾದ ಮೇಲೆ, ಆ ತುಣುಕನ್ನು ಮಾತ್ರ ಓದುವ ಯಂತ್ರಗಳು ಬಂದುವು. ಅವುಗಳಲ್ಲೊಂದಾದ ಟ್ರೂನ್ಯಾಟ್, ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿಯೇ ರೂಪುಗೊಂಡುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅಂಗೀಕರಿಸಿತು. ಬ್ಯಾಟರಿಯಿಂದ ನಡೆಯುವುದರಿಂದ ಸಣ್ಣ ಊರಿನ ಆಸ್ಪತ್ರೆಗೂ ಇದು ಒಪ್ಪುತ್ತದೆ. ಎರಡು ವಾರಕ್ಕೆ ಮೀರಿ ಕೆಮ್ಮುವವರು ಸರಕಾರೀ ಆಸ್ಪತ್ರೆಯಲ್ಲಿ ಕಫವನ್ನು ಕೊಟ್ಟರೆ ಪರೀಕ್ಷೆಗೂ ಮದ್ದಿಗೂ ಹಣ ತೆರಬೇಕಾಗಿಲ್ಲ. ಕೊಡುವಾಗ ಬಾಯ ಎಂಜಲನ್ನಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದ ಕಫವನ್ನೇ ಕೊಡಬೇಕು; ಎಂಜಲಿನಲ್ಲಿ ಯಂತ್ರಕ್ಕೆ ಓದಲು ಸಾಮಾನ್ಯವಾಗಿ ಏನೂ ದೊರೆಯುವುದಿಲ್ಲ.