ನಿದ್ರೆ ಕದಿಯುವ ಶಕ್ತಿಗುಳಿಗೆ

ಚಿಕ್ಕಜಾಲದಲ್ಲಿ ನಿದ್ರೆ ಬಾರದಿದ್ದರೆ ಬಳ್ಳಾರಿ ರಸ್ತೆಯನ್ನು ದೂರುವುದು ಸುಲಭ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದ ಮೇಲೆ ಅಲ್ಲಿ ವಾಹನಗಳಿಗೆ ಹಗಲಿರುಳೆಂಬ ಭೇದವಿಲ್ಲ. ಆದರೆ ಬಹುಕಾಲದ ಕಾಯಿಲೆಯಿಂದ ಬಳಲುವವರ ಮನೆಯಲ್ಲಿ ನಿದ್ರೆಯ ಕಳ್ಳನು ಔಷಧಿಯ ಅಲಮಾರಿನಲ್ಲಿಯೇ ಅಡಗಿರಬಹುದು.

ನಿಶ್ಶಕ್ತಿ ಕಳೆಯಲೆಂದು ಕೊಳ್ಳುವ ಗುಳಿಗೆಗಳಲ್ಲಿ ಕೆಲವಕ್ಕೆ ಹಸಿರು ಚಹದ ಸಾರವನ್ನೋ ಗ್ವಾರಾನಾ ಬೀಜವನ್ನೋ ಬೆರೆಸಿರುತ್ತಾರೆ. ಎರಡರಲ್ಲಿಯೂ ಇರುವುದು ಕಾಫಿಯಲ್ಲಿರುವ ಕೆಫೀನೇ. ಸಂಜೆ 5 ಗಂಟೆಗೆ ಸೇವಿಸಿದ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ 10ಕ್ಕೂ ದೇಹದಲ್ಲಿ ಉಳಿದಿರುತ್ತದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ರೆಪ್ಪೆ ಮುಚ್ಚದು. ರೋಗವೇ ಉಲ್ಬಣಿಸಿತೆಂದು ಹೆದರಿ ಮತ್ತೊಂದು ಗುಳಿಗೆ ನುಂಗುವವರುಂಟು. ನಿದ್ರೆಗೆಂದು ಕೊಳ್ಳುವ ಅಶ್ವಗಂಧವೂ ಥೈರಾಯ್ಡ್ ಔಷಧಿ ಸೇವಿಸುವ ಕೆಲವರಲ್ಲಿ ತಳಮಳವನ್ನುಂಟುಮಾಡಬಲ್ಲುದು.

ಹಾಗಾದರೆ ಮಾಡಬೇಕಾದುದೇನು? ಮನೆಯಲ್ಲಿರುವ ಸೀಸೆಗಳನ್ನೆಲ್ಲ ವೈದ್ಯರ ಮುಂದಿಡಬೇಕು. ಅವರು ಬರೆದುಕೊಟ್ಟ ಔಷಧಿಯನ್ನು ಬಿಡದೆ, ತಾವಾಗಿ ಕೊಂಡವನ್ನು ಮಾತ್ರ ಅವರ ಸಲಹೆಯಂತೆ ಒಂದೊಂದಾಗಿ ನಿಲ್ಲಿಸುತ್ತ, ದಿನದಿನದ ನಿದ್ರೆಯನ್ನು ಬರೆದಿಡಬೇಕು. ಯಾವುದನ್ನು ಬಿಟ್ಟಾಗ ಕಣ್ಣು ಹತ್ತಿತೋ ಅದರ ಮೇಲೆಯೇ ಗುಮಾನಿ.

ಇಂತಹ ಪದಾರ್ಥಗಳು ಔಷಧಿಯಲ್ಲವೆಂದು ಸೀಸೆಯ ಮೇಲೆ ಮುದ್ರಿಸಬೇಕೆಂಬುದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮ. ಆ ಒಂದು ಸಾಲನ್ನು ಓದಿದ ಬಳಿಕವೇ ಮುಚ್ಚಳವನ್ನು ತೆರೆಯುವುದು ಜಾಣತನ.