ಸ್ಟೀಲ್ ಚಾಕು ಯಾಕೆ ಬೇಗ ಮೊಂಡಾಗುತ್ತೆ? ಉತ್ತರ ಇರೋದು ಕುಲುಮೆಯಲ್ಲಿ

ಕಬ್ಬಿಣದ ಈಳಿಗೆ ಮಣೆ ಇನ್ನೂ ಉಳಿದಿರುವ ಮನೆಗಳಲ್ಲಿ ಒಂದು ಮಾತು ಕೇಳಿಯೇ ಕೇಳಿರುತ್ತೀರಿ: 'ಎಷ್ಟು ದುಡ್ಡು ಕೊಟ್ಟರೂ ಈ ಹರಿತ ಸ್ಟೀಲಿಗೆ ಬರಲ್ಲ.' ಅನುಭವದ ಮಾತು, ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ಹರಿತ ನಿಲ್ಲುವ ಸ್ಟೇನ್‌ಲೆಸ್ ಸ್ಟೀಲ್ ಇದೆ. ಅದಕ್ಕೆ ಸರಿಯಾಗಿ ಹದ ಕೊಟ್ಟಿರಬೇಕು ಅಷ್ಟೇ. ನಾವು ದುಡ್ಡು ಕೊಡುವುದು ಹೊಳಪಿಗೆ, ಹದದ ಬಗ್ಗೆ ಯಾರೂ ಕೇಳುವುದೇ ಇಲ್ಲ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಲೋಹಶಾಸ್ತ್ರದ ತರಗತಿಯಲ್ಲಿ ಕಲಿತದ್ದರಲ್ಲಿ ದಿನನಿತ್ಯ ಉಪಯೋಗಕ್ಕೆ ಬರುವ ವಿಷಯ ಇದೊಂದೇ ಅನ್ನಿಸಿದ್ದೂ ಉಂಟು.

ಮೊದಲಿಗೆ, 'ಸ್ಟೇನ್‌ಲೆಸ್ ಸ್ಟೀಲ್' ಅನ್ನುವುದು ಒಂದೇ ಲೋಹ ಅಲ್ಲ. ಕಬ್ಬಿಣಕ್ಕೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಸೇರಿದರೆ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ಒಂದು ತೆಳು ಪದರ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ತುಕ್ಕು ತಡೆಯುವುದು ಅದೇ. ಇಷ್ಟು ಎಲ್ಲಕ್ಕೂ ಸಮಾನ, ಉಳಿದದ್ದೆಲ್ಲ ಬೇರೆ ಬೇರೆ. ಊಟದ ತಟ್ಟೆ, ಸಾರಿನ ಪಾತ್ರೆಗೆ ಹೆಸರಾದ 304 ಗ್ರೇಡಿನಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್. ಇದನ್ನು ಎಷ್ಟೇ ಕಾಯಿಸಿ ನೀರಿಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಚಾಕು, ಕತ್ತರಿ, ಬೇರಿಂಗ್‌ಗಳಿಗೆ ಬೇಕಾದದ್ದು ಇನ್ನೊಂದು ಕುಟುಂಬ, ಮಾರ್ಟೆನ್ಸಿಟಿಕ್ ಸ್ಟೇನ್‌ಲೆಸ್. 410, 420, 440ಸಿ ಗ್ರೇಡುಗಳು ಈ ಮನೆಯವು.

ಪಾತ್ರೆ ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು 'ಅಂಟಿದರೆ ಡೂಪ್ಲಿಕೇಟ್' ಅನ್ನುವವರಿಗೆ ಇಲ್ಲೊಂದು ಸಮಸ್ಯೆ. ಒಳ್ಳೆಯ ಚಾಕುವಿನ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಅಂಟಲೇಬೇಕು. ಅಂಟದಿದ್ದರೆ ಅದು ಗಟ್ಟಿಯಾಗದ ಜಾತಿಯದು ಅಂತ ಅನುಮಾನಪಡಿ.

ಗಟ್ಟಿ ಆಗುವುದು ಹೇಗೆ? ಕಮ್ಮಾರ ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನಲ್ಲ, ತತ್ವ ಅದೇ. ಬಿಸಿಯಲ್ಲಿ ಕಬ್ಬಿಣದ ಹರಳುಗಳ ಜೋಡಣೆ ಬದಲಾಗಿ ಕಾರ್ಬನ್ ಅದರಲ್ಲಿ ಕರಗುತ್ತದೆ. ದಿಢೀರ್ ತಣಿಸಿದರೆ ಕಾರ್ಬನ್‌ಗೆ ಹೊರಬರಲು ಸಮಯ ಸಿಗದೆ ಒಳಗೇ ಸಿಕ್ಕಿಕೊಳ್ಳುತ್ತದೆ, ಹರಳುಗಳು ಬಿಗಿಯುತ್ತವೆ. ಈ ಬಿಗಿದ ಸ್ಥಿತಿಯೇ ಮಾರ್ಟೆನ್ಸೈಟ್. ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ನೆನಪಿಗೆ ಇಟ್ಟ ಹೆಸರು.

ವ್ಯತ್ಯಾಸ ಇರುವುದು ಬಿಸಿಯಲ್ಲಿ. ಕಮ್ಮಾರನ ಸಾದಾ ಉಕ್ಕಿಗೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಸಾಕು. 420 ಗ್ರೇಡಿಗೆ 980ರಿಂದ 1,065 ಡಿಗ್ರಿ ಬೇಕು. ಇಲ್ಲಿ ಕಾರ್ಬನ್‌ನ ಬಹುಪಾಲು ಕ್ರೋಮಿಯಂ ಜತೆ ಸೇರಿ ಕಾರ್ಬೈಡ್ ಕಣಗಳಾಗಿ ಕೂತಿರುತ್ತದೆ, ಅವು ಸುಲಭಕ್ಕೆ ಕರಗುವುದಿಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಕೆಗೆಂದು ಪ್ರಯೋಗ ಮಾಡುತ್ತಾ ಸುಮಾರು ಶೇ 13 ಕ್ರೋಮಿಯಂ ಇದ್ದ ಉಕ್ಕು ಮಾಡಿದಾಗ, ಅಲ್ಲಿನ ಚಾಕು ತಯಾರಕರು ಮೊದಲು ಮೂಗು ಮುರಿದರು. ಕತ್ತರಿಸದ ಚಾಕು ಕಂಡುಹಿಡಿದವನು ಅಂತ ಅವನನ್ನು ಗೇಲಿ ಮಾಡಿದರು. ಆ ಉಕ್ಕಿಗೆ ತಮ್ಮ ಹಳೆಯ ಕುಲುಮೆಯ ಅಳತೆ ಸಾಲುವುದಿಲ್ಲ ಎಂಬುದು ಅರಿವಾಗಲು ಸಮಯ ಹಿಡಿಯಿತು.

ಇನ್ನೊಂದು ಅನುಕೂಲವೂ ಇದೆ. ಕ್ರೋಮಿಯಂ ಇರುವುದರಿಂದ ಈ ಉಕ್ಕಿಗೆ ನೀರಿನ ಹೊಡೆತ ಬೇಕಿಲ್ಲ. ಎಣ್ಣೆ ಸಾಕು, ತೆಳುವಾದ ವಸ್ತುವಿಗೆ ಗಾಳಿಯೂ ಸಾಕು. ನೀರಿಗೆ ಅದ್ದಿದರೆ ಬಿರುಕು ಬಿಡುವ ಅಪಾಯವೇ ಹೆಚ್ಚು.

ಹೀಗೆ ಗಟ್ಟಿಯಾದ ಉಕ್ಕು ಗಾಜಿನಂತೆ, ಬಿದ್ದರೆ ಚೂರು. ಅದಕ್ಕೇ ತಡಮಾಡದೆ ಮತ್ತೆ ಸ್ವಲ್ಪ ಕಾಯಿಸಿ ಬಿಗಿ ಸಡಿಲಿಸಬೇಕು, ಇದೇ ಟೆಂಪರಿಂಗ್. ಹರಿತ ಬೇಕಾದ ಕಡೆ 150ರಿಂದ 370 ಡಿಗ್ರಿ. ಸುಮಾರು 425ರಿಂದ 565 ಡಿಗ್ರಿಯ ನಡುವೆ ಮಾತ್ರ ಹೋಗಬಾರದು. ಅಲ್ಲಿ ಕ್ರೋಮಿಯಂ ಮತ್ತೆ ಕಾರ್ಬೈಡ್ ಆಗಿ ಬೇರ್ಪಟ್ಟು, ಉಕ್ಕು ಪೆಡಸೂ ಆಗುತ್ತದೆ, ತುಕ್ಕಿಗೂ ತುತ್ತಾಗುತ್ತದೆ.

ಇಲ್ಲಿಂದಲೇ ನನ್ನ ಪ್ರಕಾರ ಅತಿ ಮುಖ್ಯವಾದ ಸಂಗತಿ ಹೊರಡುತ್ತದೆ. ಈ ಕುಟುಂಬದ ಉಕ್ಕಿಗೆ ಹದ ಕೊಡದೇ ಬಿಟ್ಟರೆ ಅದು ಮೊಂಡಾಗುವುದಷ್ಟೇ ಅಲ್ಲ, ತುಕ್ಕೂ ಬೇಗ ಹಿಡಿಯುತ್ತದೆ. ಕ್ರೋಮಿಯಂ ಕಾರ್ಬೈಡಿನಲ್ಲಿ ಬಂಧಿಯಾಗಿದ್ದರೆ ಮೇಲ್ಮೈ ಕಾಯುವವರು ಯಾರು? ಸರಿಯಾಗಿ ಕಾಯಿಸಿ ಕರಗಿಸಿದಾಗಲೇ ಅದು ಕೆಲಸಕ್ಕೆ ಬರುವುದು. ಹರಿತಕ್ಕೂ ತುಕ್ಕು ನಿರೋಧಕ್ಕೂ ಬೇಕಾದದ್ದು ಅದೇ ಒಂದು ಕುಲುಮೆ ಕೆಲಸ. ಅದನ್ನು ಉಳಿಸಲು ಹೋದರೆ ಎರಡೂ ಹೋಗುತ್ತವೆ.

ಹಾಗಂತ ಹೆಚ್ಚು ಕಾರ್ಬನ್ ಇದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ರಾಕ್‌ವೆಲ್ ಸಿ ಮಾಪಕದಲ್ಲಿ 410 ಹೆಚ್ಚೆಂದರೆ 40-45 ಮುಟ್ಟುತ್ತದೆ, 420 ಸುಮಾರು 50, ಶೇ 1ರಷ್ಟು ಕಾರ್ಬನ್ ಇರುವ 440ಸಿ 58-60. ಬೇರಿಂಗ್‌ಗೆ 440ಸಿ ಸೊಗಸು. ಆದರೆ ಅದರ ಕ್ರೋಮಿಯಂ ಶೇ 16-18 ಇದ್ದರೂ ಒಂದು ಪಾಲು ಕಾರ್ಬೈಡಿಗೆ ಹೋಗುವುದರಿಂದ ತುಕ್ಕಿನ ವಿಷಯದಲ್ಲಿ 304ರ ಸಮ ಬರುವುದಿಲ್ಲ. ಉಪ್ಪು, ನಿಂಬೆ, ಹುಣಸೆ ಹತ್ತಿದ ಚಾಕುವನ್ನು ತೊಳೆದು ಒರೆಸಿಡಿ ಅಂತ ಹೇಳುವುದು ಇದಕ್ಕೇ.

ಎರಡನ್ನೂ ಒಂದು ಮಟ್ಟಕ್ಕೆ ತೂಗಿಸುವ ಮೂರನೇ ದಾರಿ 17-4 ಪಿಎಚ್. ಸುಮಾರು ಶೇ 17 ಕ್ರೋಮಿಯಂ, ತಲಾ ಶೇ 4ರಷ್ಟು ನಿಕ್ಕಲ್ ಮತ್ತು ತಾಮ್ರ. ಇಲ್ಲಿ ಬಲ ಬರುವುದು ಮುಖ್ಯವಾಗಿ ತಾಮ್ರದ ಸೂಕ್ಷ್ಮ ಕಣಗಳಿಂದ. 1,040 ಡಿಗ್ರಿಯಲ್ಲಿ ಕರಗಿಸಿ ತಣಿಸಿದ ಮೇಲೂ ಲೇತಿನಲ್ಲಿ ಕಡೆಯಬಹುದು. ಆಮೇಲೆ 480 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಗಟ್ಟಿ. ಕುಗ್ಗುವುದು 100 ಮಿಲಿಮೀಟರಿಗೆ ಸುಮಾರು 0.05 ಮಿಲಿಮೀಟರ್ ಮಾತ್ರ. ಪಂಪ್ ಶಾಫ್ಟ್, ವಾಲ್ವ್, ವಿಮಾನದ ಬಿಡಿಭಾಗಗಳಿಗೆ ಇದು ಅಚ್ಚುಮೆಚ್ಚು. ಈ 480 ಡಿಗ್ರಿ ಅಂದರೆ 900 ಫ್ಯಾರನ್‌ಹೀಟ್, ಹಾಗಾಗಿ ಆ ಸ್ಥಿತಿಗೆ ಎಚ್900 ಎಂದು ಹೆಸರು. 620 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟರೆ ಎಚ್1150. ಗಟ್ಟಿತನ ಇಳಿಯುತ್ತದೆ, ಆದರೆ ಉಪ್ಪು ವಾತಾವರಣದಲ್ಲಿ ಒತ್ತಡ ಬಿದ್ದಾಗ ಬಿರುಕು ಬಿಡುವ ಭಯ ಬಹಳ ಕಡಿಮೆ. ಅದೇ ಲೋಹ, ಅದೇ ರಸಾಯನ, ನಡತೆ ಮಾತ್ರ ಬೇರೆ.

ಹಾಗಾದರೆ ಗ್ರೇಡ್ ಸಂಖ್ಯೆ ಏನು ಹೇಳುತ್ತದೆ? ಒಳಗೆ ಏನೇನಿದೆ ಅಂತ ಮಾತ್ರ. ಅಕ್ಕಿ, ಉದ್ದಿನ ಲೆಕ್ಕ ಕೊಟ್ಟರೆ ದೋಸೆ ಹೇಗಿದೆ ಅಂತ ಗೊತ್ತಾಗುತ್ತದೆಯೇ? ಆದರೂ ಖರೀದಿ ಆದೇಶಗಳು 'ಎಸ್‌ಎಸ್ 420' ಎಂದಷ್ಟೇ ಬರೆದು ಕಡಿಮೆ ದರದವರಿಗೆ ಹೋಗಿಬಿಡಬಹುದು. ಆಸ್ಪತ್ರೆಯ ಕತ್ತರಿಯನ್ನು ಪ್ರತಿ ಬಳಕೆಯ ನಂತರವೂ ಆಟೋಕ್ಲೇವಿನ ಹಬೆಯಲ್ಲಿ ಬೇಯಿಸುತ್ತಾರೆ. ಹದ ಕೆಟ್ಟಿದ್ದರೆ ಕೀಲಿನ ಹತ್ತಿರ ತುಕ್ಕಿನ ಚುಕ್ಕೆ ಮೂಡುತ್ತದೆ, ಅಲಗು ಕತ್ತರಿಸುವ ಬದಲು ಜಗಿಯುತ್ತದೆ. ಮೇಜಿನ ಮೇಲೆ ಮಲಗಿರುವವರಿಗೆ ಅದು ಸಣ್ಣ ವಿಷಯವಲ್ಲ.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್‌ಗಳಿಗೆ ಇದು ಹೊರೆ ಅನ್ನಿಸಬಹುದು. ನಿಜ, ವ್ಯಾಕ್ಯೂಮ್ ಫರ್ನೇಸ್ ಎಲ್ಲರಿಗೂ ಕೈಗೆಟುಕುವುದಿಲ್ಲ. ತೆರೆದ ಫರ್ನೇಸಿನಲ್ಲಿ ಮಾಡಿದರೂ ಆಗುತ್ತದೆ, ಸುಟ್ಟ ಮೇಲ್ಪದರವನ್ನು ಉಜ್ಜಿ ತೆಗೆಯಬೇಕು ಅಷ್ಟೇ. ತಪ್ಪಿಸಿಕೊಳ್ಳಬಾರದ್ದು ದಾಖಲೆಯಿಂದ. ಎಷ್ಟು ಡಿಗ್ರಿ, ಎಷ್ಟು ಹೊತ್ತು, ಯಾವುದರಲ್ಲಿ ತಣಿಸಿದ್ದು, ಎಷ್ಟಕ್ಕೆ ಟೆಂಪರ್ ಮಾಡಿದ್ದು, ಕೊನೆಗೆ ಗಟ್ಟಿತನ ಎಷ್ಟು ಬಂತು ಎಂಬ ಐದು ಪ್ರಶ್ನೆಗಳು ಒಂದು ಹಾಳೆಯಲ್ಲಿ ಹಿಡಿಯುತ್ತವೆ. ಸರ್ಕಾರಿ ಆಸ್ಪತ್ರೆಯ ಟೆಂಡರಿನಿಂದ ಹಿಡಿದು ಬೋರ್‌ವೆಲ್ ಪಂಪ್ ಕೊಳ್ಳುವ ರೈತರ ಸಂಘದವರೆಗೆ ಯಾರು ಬೇಕಾದರೂ ಆ ಹಾಳೆ ಕೇಳಬಹುದು. ಕೇಳುವವರು ಹೆಚ್ಚಾದರೆ ಕೊಡುವವರೂ ಹುಟ್ಟಿಕೊಳ್ಳುತ್ತಾರೆ.